ಒಂದೇ ತಂತಿಯಲ್ಲಿ ದನಿಯೂ ಶಕ್ತಿಯೂ

ಕೆಲವು ವರ್ಷಗಳ ಹಿಂದಿನ ಮಾತು. ಗೋವೆಯ ಹಳ್ಳಿಯೊಂದರಲ್ಲಿರುವ ನಮ್ಮ ಶಾಲೆಯಲ್ಲಿ ರಾಜ್ಯೋತ್ಸವದ ಸಮಾರಂಭ ನಡೆದಿತ್ತು. ತಗಡಿನ ಮಾಡಿನ ಉದ್ದನೆಯ ಸಭಾಗೃಹ. ಮುಂದೆ ಊರಿನ ಹಿರಿಯರು, ನಡುವೆ ಮಕ್ಕಳು, ಕೊನೆಯಲ್ಲಿ ಕೆಲಸ ಮುಗಿಸಿ ತಡವಾಗಿ ಬಂದ ತಾಯಂದಿರು. ನಾಲ್ಕನೆಯ ತರಗತಿಯ ಬಾಲಕಿಯೊಬ್ಬಳು ತನ್ನ ತಂದೆತಾಯಿಗಳ ಹುಟ್ಟೂರಿನ ಬಗ್ಗೆ ನಾಲ್ಕು ನಿಮಿಷ ಮಾತನಾಡಿದಳು. ಒಂದು ತಿಂಗಳಿನಿಂದ ಬಾಯಿಪಾಠ ಮಾಡಿದ್ದ ಮಾತು, ಎಲ್ಲಿಯೂ ತಡವರಿಸಲಿಲ್ಲ. ವೇದಿಕೆಯ ಮೇಲಿದ್ದ ನಾವು ಹೆಮ್ಮೆಯಿಂದ ಚಪ್ಪಾಳೆ ತಟ್ಟಿದೆವು.

ಕಾರ್ಯಕ್ರಮ ಮುಗಿದ ಮೇಲೆ ಆಕೆಯ ತಾಯಿ ನಮ್ಮ ಬಳಿಗೆ ಬಂದರು. ಅವರು ಕಟ್ಟಡದ ಕೆಲಸಕ್ಕೆ ಹೋಗುವವರು. ಸೆರಗಿನಿಂದ ಮುಖ ಒರಸಿಕೊಳ್ಳುತ್ತ, "ಮಗಳು ಏನ ಮಾತಾಡಿದ್ಲೋ ನನಗ ಒಂದಕ್ಷರಾನೂ ತಿಳೀಲಿಲ್ರಿ ಗುರುಗಳ. ಹಿಂದ ಬರೇ ಗುಂಯ್ ಅಂತಿತ್ರಿ" ಎಂದರು. ದೂರಿನ ದನಿಯಲ್ಲಿ ಹೇಳಲಿಲ್ಲ. ತಮ್ಮದೇ ತಪ್ಪೇನೋ ಎಂಬಂತೆ ಹೇಳಿದರು. ಆದುದರಿಂದಲೇ ಆ ಮಾತು ನಮ್ಮ ಮನಸ್ಸಿಗೆ ಹೆಚ್ಚು ನಾಟಿತು. ಧಾರವಾಡದಲ್ಲಿ ಟಿ.ಸಿ.ಎಚ್. ತರಬೇತಿ ಪಡೆಯುತ್ತಿದ್ದಾಗ ನಮಗೆ ಮೊದಲು ಕಲಿಸಿದ ಪಾಠವೆಂದರೆ, ಕೊನೆಯ ಸಾಲಿನ ಮಗುವಿಗೆ ಕೇಳಿಸದ ಪಾಠ ಪಾಠವೇ ಅಲ್ಲ ಎಂಬುದು. ಮೂವತ್ತು ವರ್ಷ ಆ ಮಾತನ್ನು ಇತರರಿಗೆ ಹೇಳುತ್ತ ಬಂದ ನಾವು, ನಮ್ಮದೇ ಸಭಾಗೃಹದ ಕೊನೆಯ ಸಾಲಿನಲ್ಲಿ ಒಂದು ದಿನವೂ ಕುಳಿತು ನೋಡಿರಲಿಲ್ಲ.

ಆ ಒಂದು ಮಾತಿನಿಂದ ತೊಡಗಿ ನಾವು ಕಲಿತುಕೊಂಡ ವಿಷಯವನ್ನು ಓದುಗ ಬಂಧುಗಳ ಮುಂದೆ ಇಡುವುದು ಈ ಲೇಖನದ ಉದ್ದೇಶ. ಗಣಕ ಯಂತ್ರಗಳನ್ನು ಒಂದಕ್ಕೊಂದು ಜೋಡಿಸುವ ಸಾಮಾನ್ಯ ನೆಟ್‌ವರ್ಕ್ ಕೇಬಲ್, ಡಿಜಿಟಲ್ ರೂಪದ ಧ್ವನಿಯನ್ನೂ ಆ ಧ್ವನಿಯನ್ನು ನುಡಿಸಲು ಬೇಕಾದ ವಿದ್ಯುಚ್ಛಕ್ತಿಯನ್ನೂ ಒಟ್ಟಿಗೆ ಹೊತ್ತು ತರಬಲ್ಲದು ಎಂಬುದೇ ಆ ವಿಷಯ. ಗಡಿಯಾಚೆಯ ನಮ್ಮ ಕನ್ನಡ ಸಂಘಗಳು, ಶಾಲೆಗಳು, ಭಜನಾ ಮಂದಿರಗಳು ಇದನ್ನು ತಿಳಿದಿರುವುದು ಒಳ್ಳೆಯದು.

ತಪ್ಪು ಎಲ್ಲಿತ್ತು?

ನಾವು ಮೊದಲು ಮೈಕನ್ನು ದೂರಿದೆವು, ಅನಂತರ ಸ್ಪೀಕರನ್ನು ದೂರಿದೆವು. ಪಣಜಿಯಲ್ಲಿ ಕಚೇರಿಗಳಿಗೆ ನೆಟ್‌ವರ್ಕ್ ತಂತಿ ಎಳೆಯುವ ಕೆಲಸ ಮಾಡುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಒಂದು ಭಾನುವಾರ ಬಂದು, ಏಣಿ ಹತ್ತಿ ಗೋಡೆಯುದ್ದಕ್ಕೂ ನೋಡಿ ಇಳಿದು, "ಗುರುಗಳ, ತಪ್ಪು ಮೈಕಿಂದಲ್ರಿ, ತಂತೀದು" ಎಂದ.

ತಪ್ಪುಗಳು ಎರಡಿದ್ದವು. ಮೈಕಿನಿಂದ ಹೊರಡುವ ವಿದ್ಯುತ್ತು ವೋಲ್ಟಿನ ಸಾವಿರದ ಕೆಲವೇ ಭಾಗದಷ್ಟು. ಅದನ್ನು ಹೊತ್ತ ತಂತಿಯನ್ನು ನಾವು ದೀಪ-ಫ್ಯಾನುಗಳ 230 ವೋಲ್ಟಿನ ತಂತಿಗೆ ಅಂಟಿಸಿಯೇ ಎಳೆದಿದ್ದೆವು. ಮನೆಯ ವಿದ್ಯುತ್ತು ಸೆಕೆಂಡಿಗೆ 50 ಸಲ ದಿಕ್ಕು ಬದಲಿಸಿ ಮರಳುತ್ತದೆ. ಆ ಕಂಪನ ಪಕ್ಕದ ಸೂಕ್ಷ್ಮ ತಂತಿಗೂ ಹತ್ತಿಕೊಳ್ಳುತ್ತದೆ. ಆಂಪ್ಲಿಫೈಯರಿಗೆ ಮಗುವಿನ ದನಿ ಯಾವುದು, ಗುಂಯ್ ಎಂಬುದು ಯಾವುದು ಎಂಬ ಭೇದವಿಲ್ಲ. ಎರಡನ್ನೂ ಸಮನಾಗಿ ದೊಡ್ಡದು ಮಾಡುತ್ತದೆ.

ಎರಡನೆಯದು ಸ್ಪೀಕರಿನ ತಂತಿ. ಆಂಪ್ಲಿಫೈಯರಿನಿಂದ 40 ಮೀಟರ್ ದೂರಕ್ಕೆ ಅರ್ಧ ಚದರ ಮಿಲಿಮೀಟರ್ ದಪ್ಪದ ತೆಳು ತಂತಿಯನ್ನು ಎಳೆದಿದ್ದೆವು. ಅದು ಹೋಗಿ ಬರುವಷ್ಟರಲ್ಲಿ ಅದರ ತಡೆ ಸುಮಾರು ಎರಡೂಮುಕ್ಕಾಲು ಓಮ್. 8 ಓಮಿನ ಎರಡು ಸ್ಪೀಕರುಗಳನ್ನು ಸಮಾನಾಂತರವಾಗಿ ಜೋಡಿಸಿದರೆ 4 ಓಮ್. ಲೆಕ್ಕ ಹಾಕಿದರೆ 100 ಪಾಲು ಶಕ್ತಿಯಲ್ಲಿ ಸುಮಾರು 40 ಪಾಲು ತಂತಿಯನ್ನು ಬಿಸಿ ಮಾಡುವುದಕ್ಕೇ ವ್ಯಯವಾಗುತ್ತಿತ್ತು. ಸೋರುವ ಕೊಡದಲ್ಲಿ ನೀರು ಹೊತ್ತಂತೆ ನಮ್ಮ ಕೆಲಸ! ರೈಲು ನಿಲ್ದಾಣಗಳಂಥ ಕಡೆ ಈ ನಷ್ಟವನ್ನು ತಪ್ಪಿಸಲು ಟ್ರಾನ್ಸ್‌ಫಾರ್ಮರಿನಿಂದ 100 ವೋಲ್ಟಿಗೆ ಏರಿಸಿ ಕಳುಹಿಸುವ ಪದ್ಧತಿ ಬಹುಕಾಲದಿಂದ ಇದೆ. ಅದು ಒಳ್ಳೆಯ ಪದ್ಧತಿಯೇ. ಆದರೆ ಮೈಕಿನ ದಾರಿಯಲ್ಲಿ ಹೊಕ್ಕ ಗುಂಯ್ ಶಬ್ದವನ್ನು ಅದು ತೆಗೆಯಲಾರದು.

ಇದು ಹೊಸದೇನೂ ಅಲ್ಲ

ದನಿಯನ್ನೂ ಶಕ್ತಿಯನ್ನೂ ಒಂದೇ ತಂತಿಯಲ್ಲಿ ಕಳುಹಿಸುವುದೆಂದರೆ ಏನೋ ಇತ್ತೀಚಿನ ಚಮತ್ಕಾರವೆಂದು ನಾವು ಬಗೆದಿದ್ದೆವು. ಹಾಗಲ್ಲ. ಅಂಚೆ ಕಚೇರಿಯ ಮೇಜಿನ ಮೇಲೆ ಕುಳಿತಿರುತ್ತಿದ್ದ ಕರಿಯ ಟೆಲಿಫೋನನ್ನು ನೆನೆಯಿರಿ. ಊರಿಗೆಲ್ಲ ಕರೆಂಟು ಹೋದರೂ ಅದು ಮಾತನಾಡುತ್ತಿತ್ತು. ಏಕೆಂದರೆ ಅದರ ಶಕ್ತಿ ನಮ್ಮ ಗೋಡೆಯಿಂದ ಬರುತ್ತಿರಲಿಲ್ಲ. ದೂರದ ಎಕ್ಸ್‌ಚೇಂಜಿನಲ್ಲಿದ್ದ ಬ್ಯಾಟರಿಗಳಿಂದ, ಸುಮಾರು 48 ವೋಲ್ಟಿನಂತೆ, ಮಾತು ಹೋಗುವ ಅದೇ ಜೋಡಿ ತಂತಿಯಲ್ಲಿ ಬರುತ್ತಿತ್ತು. ಸ್ವತಂತ್ರ ಭಾರತಕ್ಕೆ ಅಂಥ ಟೆಲಿಫೋನುಗಳನ್ನು ತಯಾರಿಸಿಕೊಟ್ಟ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ 1948ರಲ್ಲಿ ಆರಂಭವಾದದ್ದು ನಮ್ಮ ಬೆಂಗಳೂರಿನಲ್ಲಿ. ಅದರ ಸುತ್ತ ಬೆಳೆದ ಬಡಾವಣೆಗೆ ದೂರವಾಣಿನಗರ ಎಂಬ ಸುಂದರವಾದ ಹೆಸರೇ ನಿಂತಿತು.

ತಂತಿಗಳನ್ನು ಜಡೆಯಂತೆ ಹೊಸೆದರೆ ಗದ್ದಲ ಕಡಿಮೆಯಾಗುತ್ತದೆ ಎಂಬುದೂ ಹಳೆಯ ಅರಿವೇ. ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್ ಅದಕ್ಕೆ 1881ರಲ್ಲಿಯೇ ಪೇಟೆಂಟು ಪಡೆದಿದ್ದನು. ಸ್ಟುಡಿಯೋಗಳ ಒಳ್ಳೆಯ ಮೈಕುಗಳಿಗೆ ಅವುಗಳ ತಂತಿಯಲ್ಲಿಯೇ 48 ವೋಲ್ಟ್ ಕಳುಹಿಸುವ ಕ್ರಮವನ್ನು ಜರ್ಮನಿಯ ನಾಯ್‌ಮನ್ ಸಂಸ್ಥೆ 1966ರಲ್ಲಿ ನಾರ್ವೆಯ ರೇಡಿಯೋ ಸಂಸ್ಥೆಗಾಗಿ ರೂಪಿಸಿತು. ಇಂದಿಗೂ ಅದು ಲೋಕದಾದ್ಯಂತ ನಡೆಯುತ್ತಿದೆ.

ಹಾಗಾದರೆ ಹೊಸದಾಗಿ ಬಂದುದೇನು? ದನಿಯನ್ನು ಅಂಕಿಗಳಾಗಿ ಬದಲಿಸುವುದು. ಇಂಗ್ಲೆಂಡಿನ ಅಲೆಕ್ ರೀವ್ಸ್ ಎಂಬ ಇಂಜಿನಿಯರನಿಗೆ ಈ ವಿಚಾರ ಹೊಳೆದದ್ದು 1937ರಲ್ಲಿ. ಆಗ ಆತ ಪ್ಯಾರಿಸಿನಲ್ಲಿದ್ದನು. ಅದು ನಮ್ಮ ಹಳ್ಳಿಗಳಿಗೆ ಬರಲು ಅರ್ಧ ಶತಮಾನ ಹಿಡಿಯಿತು. ಬಂದಾಗ ಮೊದಲು ಬಂದದ್ದು ಎಲ್ಲಿಗೆಂದು ಕೇಳಿದರೆ ನಮ್ಮ ಓದುಗರಿಗೆ ಸಂತೋಷವಾದೀತು: ಬೆಳಗಾವಿ ಜಿಲ್ಲೆಯ ಕಿತ್ತೂರಿಗೆ. ಭಾರತ ಸರಕಾರವು 1984ರಲ್ಲಿ ಸ್ಥಾಪಿಸಿದ ಸಿ-ಡಾಟ್ ಸಂಸ್ಥೆ, ಧೂಳು-ಸೆಕೆಗಳನ್ನು ತಡೆದುಕೊಂಡು ಹವಾನಿಯಂತ್ರಣವಿಲ್ಲದೆ ನಡೆಯುವ, 128 ಸಂಪರ್ಕಗಳ ಗ್ರಾಮೀಣ ಎಕ್ಸ್‌ಚೇಂಜನ್ನು ರೂಪಿಸಿತು. ಅದರ ಮೊದಲನೆಯದನ್ನು 1986ರಲ್ಲಿ ಸ್ಥಾಪಿಸಿದ್ದು ಚೆನ್ನಮ್ಮನ ಕಿತ್ತೂರಿನಲ್ಲಿ. ಅಲ್ಲಿಗೆ ತಲುಪಿದ ಮಾತು ಸೆಕೆಂಡಿಗೆ 8,000 ಸಲ ಅಳೆಯಲ್ಪಟ್ಟು, ಅಂಕಿಗಳಾಗಿ ದಾರಿ ಹಿಡಿಯುತ್ತಿತ್ತು. ಆದರೆ ಎಕ್ಸ್‌ಚೇಂಜಿನಿಂದ ಮನೆಯವರೆಗಿನ ತಂತಿಯಲ್ಲಿ ಮಾತ್ರ ಹಳೆಯಂತೆ ದನಿಯ ಅಲೆಯೇ ಹರಿಯುತ್ತಿತ್ತು. ಕೊನೆಯ ಸ್ಪೀಕರಿನವರೆಗೂ ಅಂಕಿಯನ್ನೇ ಒಯ್ಯುವುದು, ಜೊತೆಗೆ ಶಕ್ತಿಯನ್ನೂ ಒಯ್ಯುವುದು, ಇದು ಇಂದಿನ ನೆಟ್‌ವರ್ಕ್ ಕೇಬಲಿನ ಕೆಲಸ.

ದನಿ ಅಂಕಿಯಾಗುವ ಬಗೆ

ಜ್ವರ ಬಂದ ಮಗುವಿನ ಮೈಶಾಖವನ್ನು ಗಂಟೆಗೊಮ್ಮೆ ಅಳೆದು ಬರೆದಿಡುತ್ತೇವಲ್ಲವೆ? ಆ ಅಂಕಿಗಳನ್ನು ನೋಡಿ ವೈದ್ಯರು ಜ್ವರದ ಏರಿಳಿತದ ರೇಖೆಯನ್ನು ಪುನಃ ಬರೆಯಬಲ್ಲರು. ದನಿಯೂ ಗಾಳಿಯ ಒತ್ತಡದ ಏರಿಳಿತವೇ. ಅದನ್ನು ಸೆಕೆಂಡಿಗೆ 48,000 ಸಲ ಅಳೆದು, ಒಂದೊಂದು ಅಳತೆಯನ್ನೂ 24 ಸೊನ್ನೆ-ಒಂದುಗಳಲ್ಲಿ ಬರೆದರೆ ಸೆಕೆಂಡಿಗೆ 11,52,000 ಚಿಹ್ನೆಗಳಾಗುತ್ತವೆ. ಸಾಧಾರಣ ನೆಟ್‌ವರ್ಕ್ ಕೇಬಲ್ ಸೆಕೆಂಡಿಗೆ 10 ಕೋಟಿ ಚಿಹ್ನೆಗಳನ್ನು ಸಲೀಸಾಗಿ ಒಯ್ಯುತ್ತದೆ. ಉತ್ತಮವಾದದ್ದು 100 ಕೋಟಿ. ವಿಳಾಸ ಮುಂತಾದವುಗಳಿಗೆ ಸ್ಥಳ ಬಿಟ್ಟ ಮೇಲೂ ಹತ್ತಾರು ಮೈಕುಗಳ ದನಿ ಒಂದೇ ಕೇಬಲಿನಲ್ಲಿ ಬೆರೆಯದೆ ಹೋಗಬಹುದು.

ಅಂಕಿಯ ದೊಡ್ಡ ಗುಣವೆಂದರೆ ಅದು ಸುಲಭವಾಗಿ ಕೆಡದು. ಹಾಜರಿ ಪುಸ್ತಕದ ಮೇಲೆ ಒಂದು ಹನಿ ಮಸಿ ಚೆಲ್ಲಿದರೂ ಮಗು ಬಂದಿದೆಯೋ ಇಲ್ಲವೋ ಎಂಬುದನ್ನು ಓದಬಹುದು. ಏಕೆಂದರೆ ಅಲ್ಲಿ ಎರಡೇ ಚಿಹ್ನೆಗಳಿವೆ. ಆದರೆ ಅದೇ ಹನಿ ಒಂದು ಚಿತ್ರದ ಮೇಲೆ ಬಿದ್ದರೆ ಚಿತ್ರ ಕೆಟ್ಟಿತು. ದನಿಯ ಅಲೆಯನ್ನು ಹಾಗೆಯೇ ಒಯ್ಯುವ ಹಳೆಯ ತಂತಿ ಚಿತ್ರದಂತೆ. ಡಿಜಿಟಲ್ ತಂತಿ ಹಾಜರಿ ಪುಸ್ತಕದಂತೆ. ದಾರಿಯಲ್ಲಿ ಒಂದಿಷ್ಟು ಗದ್ದಲ ಹತ್ತಿಕೊಂಡರೂ ತುದಿಯಲ್ಲಿ ಸೊನ್ನೆ ಸೊನ್ನೆಯಾಗಿಯೇ, ಒಂದು ಒಂದಾಗಿಯೇ ಉಳಿಯುತ್ತದೆ. ಗದ್ದಲ ಮಿತಿಮೀರಿದರೆ ಮಾತ್ರ ದನಿ ಕ್ರಮೇಣ ಕೆಡುವುದಿಲ್ಲ. ತುಂಡಾಗಿ ನಿಂತೇ ಹೋಗುತ್ತದೆ. ಇದನ್ನೂ ತಿಳಿದಿರಬೇಕು.

ಗಣಕ ಯಂತ್ರಗಳ ಜಾಲಕ್ಕೆ ಈಥರ್ನೆಟ್ ಎಂಬ ಕ್ರಮವನ್ನು ಅಮೆರಿಕದ ರಾಬರ್ಟ್ ಮೆಟ್‌ಕಾಫ್ 1973ರಲ್ಲಿ ಆಲೋಚಿಸಿದನು. ಹೊಸೆದ ಜೋಡಿ ತಂತಿಯಲ್ಲಿ ಅದನ್ನು ನಡೆಸುವ ನಿಯಮ 1990ರಲ್ಲಿ ಬಂದಿತು. 1996ರ ಸುಮಾರಿಗೆ ಕೋಬ್ರಾನೆಟ್ ಎಂಬ ಹೆಸರಿನಲ್ಲಿ ಅದರಲ್ಲಿ ಧ್ವನಿಯನ್ನು ಕಳುಹಿಸತೊಡಗಿದರು. 2006ರಲ್ಲಿ ಆಸ್ಟ್ರೇಲಿಯದಲ್ಲಿ ಹುಟ್ಟಿದ ಆಡಿನೇಟ್ ಸಂಸ್ಥೆಯ ದಾಂತೆ ಎಂಬ ಕ್ರಮ ಇಂದು ದೊಡ್ಡ ಸಭಾಗೃಹಗಳಲ್ಲಿ ಬಹಳ ಬಳಕೆಯಲ್ಲಿದೆ. ಬೇರೆ ಬೇರೆ ತಯಾರಕರ ಯಂತ್ರಗಳು ಒಂದರ ಮಾತು ಒಂದಕ್ಕೆ ತಿಳಿಯುವಂತೆ ಎ.ಇ.ಎಸ್. 67 ಎಂಬ ಸಾಮಾನ್ಯ ನಿಯಮ 2013ರಲ್ಲಿ ಏರ್ಪಟ್ಟಿತು.

ಹೊಸೆದ ಜೋಡಿಯ ಗುಟ್ಟು

ನೆಟ್‌ವರ್ಕ್ ಕೇಬಲಿನ ಹೊರಕವಚವನ್ನು ಸುಲಿದರೆ ಎಂಟು ಎಳೆಗಳು, ಎರಡೆರಡಾಗಿ ಹೊಸೆದು ನಾಲ್ಕು ಜೋಡಿಗಳಾಗಿ ಕಾಣುತ್ತವೆ. ಮಾತು ಹೋಗುವ ಜೋಡಿಯಲ್ಲಿಯೇ ಶಕ್ತಿಯೂ ಹೋದರೆ ಎರಡೂ ಕಲಸಿಹೋಗುವುದಿಲ್ಲವೆ ಎಂದು ನಮ್ಮ ಏಳನೆಯ ತರಗತಿಯ ಹುಡುಗನೊಬ್ಬ ಕೇಳಿದ. ಒಳ್ಳೆಯ ಪ್ರಶ್ನೆ. ಅವನಿಗೆ ಹೇಳಿದುದನ್ನೇ ಇಲ್ಲಿ ಹೇಳುತ್ತೇವೆ.

ಖಾನಾಪುರದ ಕಾಡಿನಲ್ಲಿ ಮಹದಾಯಿಯಾಗಿ ಹುಟ್ಟಿ ಗೋವೆಯಲ್ಲಿ ಮಾಂಡೋವಿಯಾಗಿ ಹರಿಯುವ ನದಿಯ ದಡದಲ್ಲಿ ಎರಡು ದೋಣಿಗಳನ್ನು ಪಕ್ಕಪಕ್ಕದಲ್ಲಿ ಕಟ್ಟಿದೆಯೆಂದು ಭಾವಿಸಿರಿ. ಭರತ ಬಂದಾಗ ಎರಡೂ ಸಮನಾಗಿ ಏರುತ್ತವೆ. ಇಳಿತದಲ್ಲಿ ಸಮನಾಗಿ ಇಳಿಯುತ್ತವೆ. ಅವುಗಳ ನಡುವಿನ ಎತ್ತರದ ವ್ಯತ್ಯಾಸ ಮಾತ್ರ ಬದಲಾಗುವುದಿಲ್ಲ. ಈಗ ಒಂದು ದೋಣಿಯನ್ನು ಕೆಳಕ್ಕೆ ಒತ್ತಿ ಇನ್ನೊಂದನ್ನು ಮೇಲಕ್ಕೆ ಎತ್ತಿದರೆ ವ್ಯತ್ಯಾಸ ಉಂಟಾಗುತ್ತದೆ. ಕೇಬಲಿನ ತುದಿಯಲ್ಲಿರುವ ಯಂತ್ರ ಈ ವ್ಯತ್ಯಾಸವನ್ನು ಮಾತ್ರ ಮಾತೆಂದು ಓದುತ್ತದೆ. ಜೋಡಿಯ ಎರಡೂ ಎಳೆಗಳಿಗೆ ಸಮನಾಗಿ ಕೊಟ್ಟ ವಿದ್ಯುಚ್ಛಕ್ತಿ ಭರತದ ನೀರಿನಂತೆ. ಅದು ಎರಡನ್ನೂ ಒಟ್ಟಿಗೆ ಎತ್ತುತ್ತದೆ, ವ್ಯತ್ಯಾಸವನ್ನು ಮುಟ್ಟುವುದಿಲ್ಲ. ಒಂದು ಜೋಡಿಯಲ್ಲಿ ಹೋದ ವಿದ್ಯುತ್ತು ಇನ್ನೊಂದು ಜೋಡಿಯಲ್ಲಿ ಮರಳುತ್ತದೆ. ಎರಡೂ ತುದಿಗಳಲ್ಲಿರುವ ಪುಟ್ಟ ಟ್ರಾನ್ಸ್‌ಫಾರ್ಮರುಗಳು ಮಾತನ್ನೂ ಶಕ್ತಿಯನ್ನೂ ಬೇರ್ಪಡಿಸುತ್ತವೆ. ಹೊರಗಿನ ಗುಂಯ್ ಶಬ್ದವೂ, ಎಳೆಗಳು ಹೊಸೆದಿರುವುದರಿಂದ, ಎರಡಕ್ಕೂ ಸಮನಾಗಿ ತಗಲಿ ವ್ಯರ್ಥವಾಗುತ್ತದೆ. ಈ ಕಾರಣದಿಂದಲೇ ತುದಿಯಲ್ಲಿ ಪ್ಲಗ್ಗು ಕಟ್ಟುವಾಗ ಹೊಸೆತವನ್ನು ಬೇಕಾದದ್ದಕ್ಕಿಂತ ಹೆಚ್ಚು ಬಿಚ್ಚಬಾರದು.

ನಲವತ್ತೆಂಟು ವೋಲ್ಟೇ ಏಕೆ?

ಇದು ಮಕ್ಕಳಿಗೆ ಹಲಗೆಯ ಮೇಲೆ ಮಾಡಿಸಬಹುದಾದ ಲೆಕ್ಕ. 12 ವ್ಯಾಟ್ ಶಕ್ತಿಯನ್ನು 100 ಮೀಟರ್ ಕಳುಹಿಸಬೇಕೆನ್ನೋಣ. ಕೇಬಲಿನ ಎರಡು ಜೋಡಿಗಳಲ್ಲಿ ಹೋಗಿ ಬರುವ ದಾರಿಯ ತಡೆ ಹೆಚ್ಚೆಂದರೆ ಹನ್ನೆರಡೂವರೆ ಓಮ್. 12 ವೋಲ್ಟಿನಲ್ಲಿ ಕಳುಹಿಸಿದರೆ 1 ಆಂಪಿಯರ್ ಹರಿಯಬೇಕು. ಆಗ ಹನ್ನೆರಡೂವರೆ ವೋಲ್ಟ್ ದಾರಿಯಲ್ಲಿಯೇ ಬಿದ್ದುಹೋಗಬೇಕು. ಅಂದರೆ ಇದ್ದುದಕ್ಕಿಂತ ಖರ್ಚೇ ಹೆಚ್ಚು, ಕೆಲಸ ಸಾಗದು. 48 ವೋಲ್ಟಿನಲ್ಲಿ ಕಳುಹಿಸಿದರೆ ಕಾಲು ಆಂಪಿಯರ್ ಸಾಕು. ನಷ್ಟ ಒಂದು ವ್ಯಾಟಿಗಿಂತಲೂ ಕಡಿಮೆ. ಒತ್ತಡ ನಾಲ್ಕು ಪಟ್ಟಾದರೆ ನಷ್ಟ ಹದಿನಾರನೆಯ ಒಂದು ಪಾಲಿಗೆ ಇಳಿಯುತ್ತದೆ. ಇದಕ್ಕಿಂತ ಹೆಚ್ಚಿಸಿ 60 ವೋಲ್ಟ್ ದಾಟಿದರೆ ಮೈಗೆ ಅಪಾಯದ ಮಾತು ಬರುತ್ತದೆ. ಆದುದರಿಂದ ಟೆಲಿಫೋನಿನ ಹಿರಿಯರು ನಡೆದ ದಾರಿಯಲ್ಲಿಯೇ ಇಂದಿನವರೂ ನಡೆದರು.

ಈ ಪದ್ಧತಿಗೆ ಪವರ್ ಓವರ್ ಈಥರ್ನೆಟ್, ಚಿಕ್ಕದಾಗಿ ಪಿ.ಓ.ಇ., ಎಂದು ಹೆಸರು. ಇದರ ಮೊದಲ ನಿಯಮ 2003ರಲ್ಲಿ ಬಂದಿತು: ಕಳುಹಿಸುವ ಕಡೆ 15.4 ವ್ಯಾಟ್, ತಲುಪುವ ಕಡೆ 12.95 ವ್ಯಾಟ್. 2009ರಲ್ಲಿ ಅದು 30 ವ್ಯಾಟಿಗೂ, 2018ರಲ್ಲಿ ನಾಲ್ಕೂ ಜೋಡಿಗಳನ್ನು ಬಳಸಿ 90 ವ್ಯಾಟಿಗೂ ಏರಿತು. ದೂರದ ಮಿತಿ ಮಾತ್ರ 100 ಮೀಟರ್.

ಇದರಲ್ಲಿ ನಮಗೆ ಬಹಳ ಮೆಚ್ಚಿಕೆಯಾದ ಒಂದು ಜಾಣ್ಮೆಯುಂಟು. ಶಕ್ತಿ ಕೊಡುವ ಸ್ವಿಚ್ಚು ಕೇಬಲ್ ಚುಚ್ಚಿದ ಕೂಡಲೆ 48 ವೋಲ್ಟ್ ಕೊಡುವುದಿಲ್ಲ. ಮೊದಲು 10 ವೋಲ್ಟಿನಷ್ಟರ ಒಳಗೆ ಮೆಲ್ಲನೆ ಮುಟ್ಟಿ ನೋಡುತ್ತದೆ. ಎದುರಿಗಿರುವ ಯಂತ್ರದಲ್ಲಿ ಸುಮಾರು 25,000 ಓಮಿನ ಗುರುತು ಸಿಕ್ಕರೆ ಮಾತ್ರ ಪೂರ್ಣ ಶಕ್ತಿಯನ್ನು ಬಿಡುತ್ತದೆ. ಬಾಗಿಲು ತಟ್ಟಿದವರ ದನಿ ಗುರುತಿಸಿ ಅಗುಳಿ ತೆಗೆಯುವ ಮನೆಯಾಕೆಯಂತೆ!

ನಮ್ಮ ಸಭಾಗೃಹದಲ್ಲಿ

ಹಳೆಯ ವಿದ್ಯಾರ್ಥಿಗಳು ಹಣ ಕೂಡಿಸಿದರು. ವೇದಿಕೆಯ ಪಕ್ಕದಲ್ಲಿ ಮೈಕಿನ ದನಿಯನ್ನು ಅಂಕಿಯಾಗಿಸುವ ಒಂದು ಸಣ್ಣ ಪೆಟ್ಟಿಗೆ. ನಮ್ಮ ಕೋಣೆಯಲ್ಲಿ ಒಂದು ಪಿ.ಓ.ಇ. ಸ್ವಿಚ್ಚು, ಗೋಡೆಗಳ ಮೇಲೆ ನಾಲ್ಕು ಸ್ಪೀಕರುಗಳು, ಎರಡು ಮುಂದೆ, ಎರಡು ನಡುವಿನಿಂದ ಹಿಂದಕ್ಕೆ. ಪ್ರತಿಯೊಂದು ಸ್ಪೀಕರಿನ ಒಳಗೂ ಅಂಕಿಯನ್ನು ಪುನಃ ದನಿಯಾಗಿಸುವ ಸಾಧನವೂ ಪುಟ್ಟ ಆಂಪ್ಲಿಫೈಯರೂ ಇವೆ. ಒಂದೊಂದಕ್ಕೂ ಒಂದೊಂದು ಕೇಬಲ್, ಅಷ್ಟೆ. ಮಳೆಗಾಲದಲ್ಲಿ ಒದ್ದೆಯಾಗುವ ನಮ್ಮ ಗೋಡೆಗಳ ಮೇಲೆ ಸ್ಪೀಕರಿಗಾಗಿ 230 ವೋಲ್ಟಿನ ಸಾಕೆಟ್ಟುಗಳನ್ನು ಕೂರಿಸಬೇಕಾಗಲಿಲ್ಲ ಎಂಬುದೇ ನಮಗೆ ಒಂದು ದೊಡ್ಡ ನೆಮ್ಮದಿ.

ನಾಲ್ಕು ಸ್ಪೀಕರುಗಳು ಸೇರಿ ಬೇಡುವುದು ಹೆಚ್ಚೆಂದರೆ 52 ವ್ಯಾಟ್. ಹಳೆಯ ಗುಂಡು ಬಲ್ಬೊಂದರಷ್ಟು. ಸ್ವಿಚ್ಚಿಗೂ ಮೈಕಿನ ಪೆಟ್ಟಿಗೆಗೂ ಒಂದೇ ಬ್ಯಾಟರಿಯ ಆಸರೆ ಕೊಟ್ಟೆವು. ಈಗ ಆಷಾಢದ ಗಾಳಿಗೆ ಕರೆಂಟು ಹೋದರೂ ಪ್ರಕಟಣೆ ನಿಲ್ಲುವುದಿಲ್ಲ. ಆ ಹಳೆಯ ಕರಿಯ ಟೆಲಿಫೋನಿನ ಗುಣ ಮರಳಿ ಬಂದಂತಾಯಿತು.

ಇನ್ನೊಂದು ಅನುಕೂಲವನ್ನು ನಾವು ನಿರೀಕ್ಷಿಸಿರಲಿಲ್ಲ. ದನಿ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ. ತಂತಿಯಲ್ಲಿ ಅದಕ್ಕಿಂತ ಎಷ್ಟೋ ಪಾಲು ಬೇಗ. ವೇದಿಕೆಯಿಂದ 17 ಮೀಟರ್ ದೂರದ ಸ್ಪೀಕರು ಮೊದಲು ನುಡಿದು, ಮುಂದಿನ ಸ್ಪೀಕರಿನ ದನಿ ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗದಷ್ಟು ತಡವಾಗಿ ಬಂದು ತಲುಪಿದರೆ ಮಾತು ಎರಡೆರಡಾಗಿ ಕೇಳಿ ಗೊಂದಲವಾಗುತ್ತದೆ. ಅಂಕಿಗಳಾದರೆ ಅವನ್ನು ಅಷ್ಟೇ ಹೊತ್ತು ತಡೆದು ನಿಲ್ಲಿಸಿ ನುಡಿಸಬಹುದು. ಹಿಂದಿನ ಸ್ಪೀಕರುಗಳಿಗೆ ಆ ತಡೆಯನ್ನು ಕೊಟ್ಟ ಮೇಲೆ ಸಭಾಗೃಹದಲ್ಲಿ ಒಂದೇ ದನಿ ಕೇಳಿತು. ಇದಕ್ಕಾಗಿ ಎಲ್ಲ ಸ್ಪೀಕರುಗಳೂ ಒಂದೇ ಗಡಿಯಾರಕ್ಕೆ ಹೊಂದಿಕೊಂಡಿರುತ್ತವೆ; ಕವಾಯತಿನಲ್ಲಿ ಮಕ್ಕಳು ಒಂದೇ ಸೀಟಿಗೆ ಹೆಜ್ಜೆ ಹಾಕುವಂತೆ.

ಡಿಜಿಟಲ್ ಎಂದರೆ ದನಿ ತಡವಾಗುತ್ತದೆಂಬ ಅಂಜಿಕೆ ಕೆಲವರಿಗುಂಟು. ಒಳ್ಳೆಯ ವ್ಯವಸ್ಥೆಯಲ್ಲಿ ಆಗುವ ತಡ ಸೆಕೆಂಡಿನ ಸಾವಿರದ ಕೆಲವು ಭಾಗ ಮಾತ್ರ. ಸಾವಿರದ ಒಂದು ಭಾಗವೆಂದರೆ ದನಿ ಗಾಳಿಯಲ್ಲಿ ಒಂದು ಅಡಿಗಿಂತ ಸ್ವಲ್ಪ ಹೆಚ್ಚು ಸಾಗುವಷ್ಟು ಕಾಲ. ತಬಲಾ ನುಡಿಸುವವರಿಗೂ ಅದು ಅಡ್ಡಿಯಾಗದು.

ಎಚ್ಚರಿಕೆಯ ನಾಲ್ಕು ಮಾತು

ಹೊಗಳಿದ್ದಾಯಿತು, ನಾವು ಪೆಟ್ಟು ತಿಂದು ಕಲಿತದ್ದನ್ನೂ ಹೇಳಬೇಕು. ಮೊದಲು ಕೊಂಡ ಕೇಬಲಿನ ಸುರುಳಿ ಅಗ್ಗವಾಗಿತ್ತು, ಹಗುರವಾಗಿತ್ತು. ಚಾಕುವಿನಿಂದ ಎಳೆಯನ್ನು ಕೆರೆದಾಗ ಒಳಗೆ ಬೆಳ್ಳಗೆ ಕಂಡಿತು. ಅದು ತಾಮ್ರವಲ್ಲ; ತಾಮ್ರದ ತೆಳು ಲೇಪ ಕೊಟ್ಟ ಅಲ್ಯೂಮಿನಿಯಂ. ಅಲ್ಯೂಮಿನಿಯಮಿನ ತಡೆ ತಾಮ್ರದ ಒಂದೂವರೆ ಪಟ್ಟಿಗೂ ಮೇಲೆ. ಬರೀ ಅಂಕಿಗಳು ಹತ್ತಿರಕ್ಕೆ ಹೋಗಲು ಅದು ಹೇಗೋ ಸಾಗಬಹುದು. ಶಕ್ತಿಯನ್ನು ಹೊರಿಸಿದರೆ ಬಿಸಿಯಾಗುತ್ತದೆ, ಬಾಗಿಸಿದರೆ ಮುರಿಯುತ್ತದೆ, ಕಡಲ ಗಾಳಿಗೆ ತುದಿಗಳು ಬೇಗ ಕೆಡುತ್ತವೆ. ಕೇಬಲಿನ ನಿಯಮಗಳು ಅದನ್ನು ಒಪ್ಪುವುದಿಲ್ಲ. ಕೇಬಲ್ ಕೊಳ್ಳುವ ಮೊದಲು ಒಂದು ತುಂಡನ್ನು ಕೆರೆದು ನೋಡಿರಿ. ಅಂಗಡಿಯವರು ಬೇಸರಪಟ್ಟರೂ ಚಿಂತೆಯಿಲ್ಲ.

ಎರಡನೆಯದು ಸಿಡಿಲು. ಒಂದು ಕಟ್ಟಡದಿಂದ ಇನ್ನೊಂದಕ್ಕೆ ಬಯಲಿನಲ್ಲಿ ತಾಮ್ರದ ಕೇಬಲ್ ಎಳೆದರೆ, ಹತ್ತಿರ ಎಲ್ಲಿಯೋ ಸಿಡಿಲು ಬಡಿದರೂ ಎರಡು ತುದಿಗಳ ಯಂತ್ರಗಳು ಸುಟ್ಟಾವು. ಮಳೆಗಾಲದ ಮುಂಚಿನ ಗುಡುಗು ನಮ್ಮ ಕರಾವಳಿಯಲ್ಲಿ ಸಾಮಾನ್ಯವಷ್ಟೆ. ಅಂಥ ಕಡೆ ಗಾಜಿನ ಎಳೆಯ ಕೇಬಲ್ ಮೇಲು. ಅದರಲ್ಲಿ ವಿದ್ಯುತ್ತು ಹರಿಯದು. ಆದರೆ ಆ ಕಾರಣದಿಂದಲೇ ಅದು ಶಕ್ತಿಯನ್ನೂ ಒಯ್ಯಲಾರದು. ಆಚೆ ಕಟ್ಟಡದಲ್ಲಿ ಬೇರೆ ಸ್ವಿಚ್ಚು ಇಡಬೇಕು. ಒಳ್ಳೆಯ ಭೂಸಂಪರ್ಕವಂತೂ ಇರಲೇಬೇಕು.

ಮೂರನೆಯದು ಪ್ಲಗ್ಗಿನ ಮೋಸ. ಎಂಟು ಎಳೆಗಳ ಅದೇ ಪ್ಲಗ್ಗನ್ನು ಬಳಸುವ ಯಂತ್ರಗಳೆಲ್ಲ ಒಂದೇ ಜಾತಿಯವಲ್ಲ. ಕೆಲವು ತಯಾರಕರು ತಮ್ಮದೇ ಕ್ರಮದಲ್ಲಿ, ಗುರುತು ಕೇಳದೆ ನೇರವಾಗಿ ಶಕ್ತಿ ಬಿಡುತ್ತಾರೆ. ಇಂಥದನ್ನು ಬೇರೊಂದಕ್ಕೆ ಚುಚ್ಚಿದರೆ ಯಂತ್ರ ಕೆಡಬಹುದು. ರೂಪ ನೋಡಿ ಮರುಳಾಗದೆ ಹೆಸರು ಓದಿ ಜೋಡಿಸಬೇಕು.

ನಾಲ್ಕನೆಯದು, ಎಲ್ಲ ಕಡೆಗೂ ಇದು ಬೇಕಾಗಿಲ್ಲ. ಒಂದು ತರಗತಿಯ ಕೋಣೆಗೆ ಗುರುಗಳ ಕಂಠವೇ ಸಾಕು. ಜಾತ್ರೆಯ ಬಯಲಿಗೂ ಯಕ್ಷಗಾನದ ಟೆಂಟಿಗೂ ನೂರಾರು ವ್ಯಾಟಿನ ಆಂಪ್ಲಿಫೈಯರುಗಳು ಬೇಕಾಗುತ್ತವೆ. ಅಲ್ಲಿ ಈ ಕೇಬಲ್ ಅಂಕಿಯನ್ನು ಒಯ್ಯಬಹುದೇ ಹೊರತು ಅಷ್ಟು ಶಕ್ತಿಯನ್ನು ಒಯ್ಯಲಾರದು. ಶಾಲೆ, ಸಂಘದ ಸಭಾಗೃಹ, ಆಸ್ಪತ್ರೆ, ನಿಲ್ದಾಣ, ಇವು ಇದಕ್ಕೆ ತಕ್ಕ ಸ್ಥಳಗಳು.

ಮೆಲ್ಲಗೆ, ಆದರೆ ಎಲ್ಲರಿಗೂ

ನಮ್ಮ ಸಭೆಗಳಲ್ಲಿ ಹಿಂದಿನವರಿಗೆ ಕೇಳಿಸದಿದ್ದರೆ ನಾವು ಮಾಡುವುದೇನು? ಗುಂಡಿ ತಿರುಗಿಸಿ ದನಿ ಏರಿಸುತ್ತೇವೆ. ಬಯಲಿನಲ್ಲಿ ದೂರ ಇಮ್ಮಡಿಯಾದಾಗಲೆಲ್ಲ ದನಿ 6 ಡೆಸಿಬೆಲ್ ಇಳಿಯುತ್ತದೆ. ಹದಿನಾರು ಮೀಟರಿನಾಚೆಯವರಿಗೆ ಮುಟ್ಟಿಸಲು ಒಂದೇ ಕಹಳೆಯನ್ನು ಅರಚಿಸಿದರೆ ಮುಂದಿನ ಸಾಲಿನ ಮಕ್ಕಳ ಕಿವಿ ಕಿವುಡಾಗುತ್ತದೆ. ನೆರೆಮನೆಯವರ ನಿದ್ದೆ ಕೆಡುತ್ತದೆ. 2000ದ ಶಬ್ದ ಮಾಲಿನ್ಯ ನಿಯಮಗಳಂತೆ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿಯಿದೆ; ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಚ್ಚಕೂಡದು. ಪರನಾಡಿನಲ್ಲಿ ನೆರೆಯವರೊಡನೆ ಸೌಹಾರ್ದದಿಂದ ಬಾಳಬೇಕಾದ ನಾವು ಇದನ್ನು ಇತರರಿಗಿಂತ ಹೆಚ್ಚು ಮನಸ್ಸಿಗೆ ತಂದುಕೊಳ್ಳಬೇಕು. ಸಣ್ಣ ಸ್ಪೀಕರುಗಳು ಕೇಳುವವರ ಹತ್ತಿರವೇ ಇದ್ದು ಮೆಲ್ಲಗೆ ನುಡಿದರೆ ಎಲ್ಲರಿಗೂ ಕೇಳುತ್ತದೆ, ಯಾರಿಗೂ ತೊಂದರೆಯಾಗುವುದಿಲ್ಲ. ಒಂದೇ ತಂತಿಯಲ್ಲಿ ದನಿಯೂ ಶಕ್ತಿಯೂ ಹೋಗುವುದರಿಂದ ಇದು ಸುಲಭವಾಯಿತು.

ಮುಂದಿನ ರಾಜ್ಯೋತ್ಸವಕ್ಕೆ ಹೊಸ ವ್ಯವಸ್ಥೆ ಸಿದ್ಧವಾಗಿತ್ತು. ಭಾಷಣಗಳು ಶುರುವಾಗುವ ಮೊದಲು ನಾವು ಕೊನೆಯ ಸಾಲಿಗೆ ಹೋಗಿ ಕುಳಿತೆವು. ಒಂದನೆಯ ತರಗತಿಯ ಮಗುವೊಂದು ಮೈಕಿನ ಮುಂದೆ ನಿಂತು ತನ್ನ ಹೆಸರು ಹೇಳಿತು. ಹೇಳುವ ಮೊದಲು ಎಳೆದುಕೊಂಡ ಉಸಿರೂ ನಮಗೆ ಕೇಳಿಸಿತು. ಪಕ್ಕದ ತಾಯಂದಿರು ಮಾತು ನಿಲ್ಲಿಸಿ ಕತ್ತು ಮುಂದಕ್ಕೆ ಚಾಚಿದರು.

ಆದರೆ ಅವರಲ್ಲಿ ಹಿಂದಿನ ವರ್ಷ ನಮ್ಮ ಬಳಿಗೆ ಬಂದ ಆ ತಾಯಿ ಇರಲಿಲ್ಲ. ಗುತ್ತಿಗೆಯ ಕೆಲಸ ಮುಗಿದ ಮೇಲೆ ಆ ಕುಟುಂಬ ಬೇರೆಡೆಗೆ ಹೋಗಿತ್ತು. ಮಗಳ ವರ್ಗಾವಣೆ ಪತ್ರಕ್ಕೆ ನಾವೇ ಸಹಿ ಹಾಕಿದ್ದೆವು. ಆ ನಾಲ್ಕು ನಿಮಿಷದ ಮಾತು ಆಕೆಗೆ ಎಂದೂ ಕೇಳಿಸಲಿಲ್ಲ. ಗಡಿಯಾಚೆ ನಮ್ಮ ಮಕ್ಕಳು ಸಭೆಯಲ್ಲಿ ನಿಂತು ಕನ್ನಡ ಮಾತನಾಡುವ ಸಂದರ್ಭಗಳು ವರ್ಷಕ್ಕೆ ಒಂದೋ ಎರಡೋ. ಬಂಧುಗಳೇ, ನಿಮ್ಮ ಸಂಘದ ಮುಂದಿನ ಸಭೆಗೆ ಮುಂಚೆ ಒಮ್ಮೆ ಕೊನೆಯ ಸಾಲಿನಲ್ಲಿ ಕುಳಿತು ನೋಡಿರಿ. ಯಾವ ತಂತಿಯನ್ನು ಎಳೆಯಬೇಕೆಂಬುದನ್ನು ಆಮೇಲೆ ಯೋಚಿಸಿದರಾಯಿತು.